ಎರಡನೆಯ ಪೀಠ ಯಾರದು?

1960ರ ದಶಕದ ಬ್ರಿಟಿಷ್ ರಾಕ್ ತಂಡಗಳಲ್ಲಿ ಶ್ರೇಷ್ಠರಾರು ಎಂಬ ಜಗಳಕ್ಕೆ ಷಷ್ಟ್ಯಬ್ದಿ ಆಗಿದೆ. ಶಾಂತಿ ಮಾತ್ರ ಆಗಿಲ್ಲ. ಸಂಘದ ಕಾರ್ಯಕ್ರಮ ಮುಗಿದು ಕಾಫಿಗೆ ನಿಂತಾಗ ಮಾತು ಹೇಗೋ ಇದರತ್ತ ಹೊರಳಿದರೆ ಸಾಕು, ಹಿರಿಯರೊಬ್ಬರು ಬೀಟಲ್ಸ್ ಪಕ್ಷ ಹಿಡಿಯುತ್ತಾರೆ, ಅವರೆದುರು ಇನ್ನೊಬ್ಬರು ರೋಲಿಂಗ್ ಸ್ಟೋನ್ಸ್ ಪಕ್ಷ ಹಿಡಿಯುತ್ತಾರೆ, ಕಾಫಿ ಆರಿಹೋಗುತ್ತದೆ. ಎರಡೂ ಪಕ್ಷದವರಲ್ಲಿ ನಮ್ಮ ವಿನಂತಿ ಒಂದೇ. ಮೊದಲನೆಯ ಪೀಠದ ವಿಚಾರ ಎಂದೋ ಇತ್ಯರ್ಥವಾಗಿದೆ, ಅದು ಬೀಟಲ್ಸರದು. ಅನ್ಯಾಯ ನಡೆದಿರುವುದು ಎರಡನೆಯ ಪೀಠದ ವಿಚಾರದಲ್ಲಿ. ಅಲ್ಲಿ ರೋಲಿಂಗ್ ಸ್ಟೋನ್ಸರನ್ನು ಕೂರಿಸಿ ಇಷ್ಟು ವರ್ಷ ಕೈಮುಗಿದದ್ದು ಸಾಕು. ಆ ಪೀಠ ಕಿಂಕ್ಸ್ ಎಂಬ ತಂಡಕ್ಕೆ ಸಲ್ಲಬೇಕು. ಇದು ನಮ್ಮ ವಾದ. ಕಾರಣಗಳನ್ನು ಕೆಳಗೆ ಕೊಟ್ಟಿದ್ದೇವೆ.

ವಾದಕ್ಕಿಳಿಯುವ ಮುಂಚೆ ಎರಡು ಆಕ್ಷೇಪಗಳಿಗೆ ಉತ್ತರ ಹೇಳಿಬಿಡೋಣ. ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಈ ಇಂಗ್ಲಿಷ್ ಗದ್ದಲವೇಕೆ ಎನ್ನುವವರಿಗೆ: ಕನ್ನಡದಲ್ಲಿ ವಿಚಾರ ಮಾಡಲಾಗದ ವಿಷಯ ಯಾವುದೂ ಇಲ್ಲ ಎಂದು ನಂಬಿದವರು ನಾವು. ಅಲ್ಲದೆ ಈ ಕತೆಯ ಒಂದು ಮುಖ್ಯ ಎಳೆ ನಾವು ನೀವು ಬಾಳುತ್ತಿರುವ ಈ ಮುಂಬಯಿಯ ಕಡಲ ದಂಡೆಯಲ್ಲೇ ಹುಟ್ಟಿದ್ದು. ಅದನ್ನು ಮುಂದೆ ಹೇಳುತ್ತೇವೆ. ಆ ಕಾಲದಲ್ಲಿ ಹುಟ್ಟಿಯೇ ಇಲ್ಲದ ನಿಮಗೇನು ಗೊತ್ತು ಎನ್ನುವ ಹಿರಿಯರಿಗೆ: ಪುರಂದರದಾಸರ ಕಾಲದಲ್ಲಿ ತಾವೂ ಇರಲಿಲ್ಲ, ಆದರೂ ದಾಸರ ಪದಗಳ ಬಗ್ಗೆ ತಾವು ಅಧಿಕಾರದಿಂದಲೇ ಮಾತಾಡುತ್ತೀರಿ. ಹಾಡು ಉಳಿದಿರುವಾಗ ಕೇಳುವ ಕಿವಿಗೆ ಜನ್ಮದಿನಾಂಕದ ದಾಖಲೆ ಬೇಡ.

ಮೊದಲು ಈ ಬೀಟಲ್ಸ್–ಸ್ಟೋನ್ಸ್ ಹಗೆತನದ ಬಣ್ಣ ಬಯಲು ಮಾಡೋಣ. 1962ರ ಜನವರಿಯಲ್ಲಿ ಬೀಟಲ್ಸರನ್ನು ಪರೀಕ್ಷಿಸಿ ಬೇಡವೆಂದ ಡೆಕ್ಕಾ ಕಂಪೆನಿ, ಮರುವರ್ಷ ರೋಲಿಂಗ್ ಸ್ಟೋನ್ಸರನ್ನು ಸೇರಿಸಿಕೊಂಡಿತು. ಅವರನ್ನು ನೋಡಿ ಎಂದು ಡೆಕ್ಕಾದ ಡಿಕ್ ರೋ ಅವರ ಕಿವಿಯಲ್ಲಿ ಹಾಕಿದವರು ಯಾರು? ಬೀಟಲ್ಸರ ಜಾರ್ಜ್ ಹ್ಯಾರಿಸನ್. ಸ್ಟೋನ್ಸರ ಎರಡನೆಯ ಧ್ವನಿಮುದ್ರಿಕೆ 'ಐ ವಾನ ಬಿ ಯುವರ್ ಮ್ಯಾನ್' 1963ರ ನವೆಂಬರಿನಲ್ಲಿ ಬಂತು. ಅದನ್ನು ಬರೆದುಕೊಟ್ಟವರು ಲೆನನ್ ಮತ್ತು ಮೆಕಾರ್ಟ್ನಿ. 1967ರಲ್ಲಿ ಸ್ಟೋನ್ಸರ 'ವಿ ಲವ್ ಯೂ' ಹಾಡಿಗೆ ದನಿಗೂಡಿಸಿದವರೂ ಅವರಿಬ್ಬರೇ. ಬೀಟಲ್ಸರ ಒಂದು ಹಾಡಿಗೆ ಸ್ಟೋನ್ಸರ ಬ್ರಯನ್ ಜೋನ್ಸ್ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ಇವರೇನು ಹಗೆಗಳೇ? ಒಳಗೊಳಗೆ ನೆಂಟರು. ಸ್ಟೋನ್ಸರ ವ್ಯವಸ್ಥಾಪಕ ಆಂಡ್ರ್ಯೂ ಓಲ್ಡಮ್ ಮೊದಲು ಬೀಟಲ್ಸರ ಪ್ರಚಾರದ ಕೆಲಸ ಮಾಡಿದ್ದವನು. ಆ ಕಡೆ ಸೂಟು ಹಾಕಿದ ಒಳ್ಳೆಯ ಹುಡುಗರಿದ್ದಾರೆ, ಈ ಕಡೆ ತಲೆ ಕೆದರಿದ ಕೆಟ್ಟ ಹುಡುಗರನ್ನು ನಿಲ್ಲಿಸಿದರೆ ಸಂತೆಯಲ್ಲಿ ಎರಡು ಅಂಗಡಿಗಳೂ ನಡೆಯುತ್ತವೆ ಎಂಬ ಲೆಕ್ಕ ಅವನದು. ಪತ್ರಿಕೆಗಳು ಆ ಲೆಕ್ಕಕ್ಕೆ ಬಡ್ಡಿ ಸೇರಿಸಿದವು. ಒಬ್ಬ ಪ್ರಚಾರಕ ಹೂಡಿದ ಆಟವನ್ನು ಅರುವತ್ತು ವರ್ಷಗಳ ನಂತರವೂ ನಾವು ವಿಮರ್ಶೆ ಎಂದು ಕರೆಯುತ್ತಿದ್ದೇವೆ.

ಇನ್ನು ಅಳತೆಗೋಲಿನ ಮಾತು. ವಾದಗಳಲ್ಲಿ ಸಾಮಾನ್ಯವಾಗಿ ನಾಲ್ಕು ಅಳತೆಗೋಲುಗಳು ಬರುತ್ತವೆ, ನಾಲ್ಕೂ ಸೊಟ್ಟ. ಮಾರಾಟವೇ ಶ್ರೇಷ್ಠತೆ ಎಂದರೆ ಅಕ್ಕಿಯೇ ಜಗತ್ತಿನ ಶ್ರೇಷ್ಠ ಕಾವ್ಯ. ಬಂಡಾಯವೇ ಶ್ರೇಷ್ಠತೆ ಎಂದರೆ, ಹೋಟೆಲ್ ಕೋಣೆ ಹಾಳುಗೆಡವಿದ ಲೆಕ್ಕ ತೆಗೆದು ಸ್ಥಾನ ಕೊಡಬೇಕಾದೀತು. ಬೆರಳಿನ ವೇಗವೇ ಶ್ರೇಷ್ಠತೆ ಎಂದರೆ ಬೆರಳಚ್ಚು ಪರೀಕ್ಷೆ ಸಾಕು, ಸಂಗೀತ ಬೇಡ. ನಾಲ್ಕನೆಯದು ಬಾಳಿಕೆ. ಸ್ಟೋನ್ಸ್ ಪಕ್ಷದವರ ಬ್ರಹ್ಮಾಸ್ತ್ರ ಇದೇ. 1962ರ ಜುಲೈ 12ರಂದು ಲಂಡನ್ನಿನ ಮಾರ್ಕಿ ಕ್ಲಬ್ಬಿನಲ್ಲಿ ಮೊದಲ ಬಾರಿ ಆ ಹೆಸರಿನಲ್ಲಿ ನುಡಿಸಿದವರು 2023ರಲ್ಲೂ ಹೊಸ ಹಾಡುಗಳ ತಟ್ಟೆ ತಂದರು, 2024ರಲ್ಲೂ ಅಮೆರಿಕ ಸುತ್ತಿದರು. ಇದಕ್ಕಿಂತ ಬೇಕೆ ಎಂದು ಕೇಳುತ್ತಾರೆ. ಅವರ ಗಟ್ಟಿತನಕ್ಕೆ ನಮ್ಮ ನಮಸ್ಕಾರ. ಆದರೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಸೇವಾವಧಿಗೂ ಅರ್ಹತೆಗೂ ಇರುವ ಅಂತರವನ್ನು ಯಾರೂ ಹೇಳಿಕೊಡಬೇಕಿಲ್ಲ. ಜ್ಯೇಷ್ಠತಾ ಪಟ್ಟಿ ಬೇರೆ, ಶ್ರೇಷ್ಠತಾ ಪಟ್ಟಿ ಬೇರೆ. ಪ್ರಶ್ನೆ ಅರುವತ್ತರ ದಶಕದ್ದಾದ ಮೇಲೆ ಲೆಕ್ಕವೂ 1969ರ ಡಿಸೆಂಬರ್ 31ಕ್ಕೆ ನಿಲ್ಲಬೇಕು.

ನಮ್ಮ ಅಳತೆಗೋಲು ಮೂರೇ. ಒಂದು, ಆ ದಶಕದೊಳಗೆ ತಂಡ ತಾನೇ ಬರೆದ ಒಳ್ಳೆಯ ಹಾಡುಗಳೆಷ್ಟು? ಎರಡು, ಬೇರೆಯವರು ಹಿಂಬಾಲಿಸುವಂಥ ಹೊಸ ದಾರಿ ಏನನ್ನು ತೆರೆಯಿತು? ಮೂರು, ಅದು ಯಾರ ದನಿಯಲ್ಲಿ, ಯಾವ ಊರಿನಿಂದ ಹಾಡಿತು? ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. ನಮಗೆ ಅದೇ ಮುಖ್ಯ.

ಬೀಟಲ್ಸರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ 10 ಹಾಡುಗಳನ್ನು ಮುದ್ರಿಸಿದ ಅದೇ ನಾಲ್ವರು, ನಾಲ್ಕು ವರ್ಷ ತುಂಬುವ ಮೊದಲೇ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎಂಬ ಒಂದೇ ಹಾಡಿಗೆ ವಾರಗಟ್ಟಲೆ ಕೂತರು. ಬೇರೆ ಬೇರೆ ಶ್ರುತಿ, ಬೇರೆ ಬೇರೆ ಲಯದಲ್ಲಿದ್ದ ಎರಡು ಮುದ್ರಣಗಳಲ್ಲಿ ಒಂದರ ಟೇಪಿನ ವೇಗ ಏರಿಸಿ, ಇನ್ನೊಂದರದು ಇಳಿಸಿ, ಎರಡೂ ಒಂದೇ ಶ್ರುತಿಗೆ ಬರುವಂತೆ ಮಾಡಿ ಬೆಸೆದರು. ವೇಗ ಹೆಚ್ಚಿದರೆ ಕಂಪನಾಂಕ ಹೆಚ್ಚುತ್ತದೆ ಎಂಬುದು ವಿಜ್ಞಾನದ ವಿದ್ಯಾರ್ಥಿಗೆಲ್ಲ ಗೊತ್ತಿರುವ ಸಂಗತಿ. ಅದರಿಂದ ಕಾವ್ಯ ಹುಟ್ಟಿಸಿದ್ದು ಅವರ ಮತ್ತು ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಹೆಚ್ಚುಗಾರಿಕೆ. 1966ರ 'ಟುಮಾರೋ ನೆವರ್ ನೋಸ್' ಹಾಡಿನಲ್ಲಿ ತಂಬೂರಿ ಮಿಡಿಯುತ್ತದೆ, ಟೇಪುಗಳು ಹಿಂದುಮುಂದಾಗಿ ತಿರುಗುತ್ತವೆ. 1968ರ ಜನವರಿಯಲ್ಲಿ ಹ್ಯಾರಿಸನ್ ಮುಂಬಯಿಗೇ ಬಂದು ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರೊಡನೆ ಕೆಲಸ ಮಾಡಿದರು. ಆಡು ಮುಟ್ಟದ ಸೊಪ್ಪಿಲ್ಲ, ಬೀಟಲ್ಸ್ ಮುಟ್ಟದ ರೀತಿಯಿಲ್ಲ. ಮೊದಲ ಪೀಠ ಅವರದೇ, ಮುಂದಕ್ಕೆ ಹೋಗೋಣ.

ಈಗ ರೋಲಿಂಗ್ ಸ್ಟೋನ್ಸ್. ಹೆಸರೇ ಸಾಲದ್ದು, ಅಮೆರಿಕದ ಕಪ್ಪು ಗಾಯಕ ಮಡ್ಡಿ ವಾಟರ್ಸರ ಹಾಡಿನದು. 1964ರ ಅವರ ಮೊದಲ ಎಲ್‌ಪಿಯಲ್ಲಿ ಜಾಗರ್–ರಿಚರ್ಡ್ಸ್ ಹೆಸರಿನ ಹಾಡು ಒಂದೇ ಒಂದು. ಉಳಿದದ್ದರಲ್ಲಿ ಬಹುಪಾಲು ಅಮೆರಿಕದ ಬ್ಲೂಸ್, ರಿದಮ್ ಅಂಡ್ ಬ್ಲೂಸ್ ಹಾಡುಗಳ ಮರುಗಾಯನ. ಸ್ವಂತ ಹಾಡುಗಳಿಂದಲೇ ತುಂಬಿದ ಎಲ್‌ಪಿ ಬಂದದ್ದು 1966ರಲ್ಲಿ, 'ಆಫ್ಟರ್‌ಮ್ಯಾತ್'. 1967ರ ಮೇ ತಿಂಗಳ ಕೊನೆಗೆ ಬೀಟಲ್ಸರ 'ಸಾರ್ಜೆಂಟ್ ಪೆಪ್ಪರ್' ಬಂದರೆ ಡಿಸೆಂಬರಿನಲ್ಲಿ ಸ್ಟೋನ್ಸರ 'ಸೇಟಾನಿಕ್ ಮೆಜೆಸ್ಟೀಸ್' ಬಂತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಗಾದೆ ಓದುಗರಿಗೆ ನೆನಪಿದ್ದೀತು. 'ಬೆಗ್ಗರ್ಸ್ ಬ್ಯಾಂಕ್ವೆಟ್' ಮತ್ತು 'ಲೆಟ್ ಇಟ್ ಬ್ಲೀಡ್' ನಿಜವಾಗಿಯೂ ದೊಡ್ಡ ಕೃತಿಗಳು, ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು 1968ರ ಡಿಸೆಂಬರ್ ಮತ್ತು 1969ರ ಡಿಸೆಂಬರಿನವು. ಅವರ ಅಭಿಮಾನಿಗಳು ಎದೆ ತಟ್ಟಿ ಹೇಳುವ 'ಸ್ಟಿಕಿ ಫಿಂಗರ್ಸ್' 1971ರದು, 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' 1972ರದು. ಎಪ್ಪತ್ತರ ದಶಕದ ಬೆಳೆಯನ್ನು ಅರುವತ್ತರ ದಶಕದ ಪಹಣಿಯಲ್ಲಿ ಬರೆಯಿಸಲು ಆಗುವುದಿಲ್ಲ.

ಬ್ಲೂಸ್ ಸಂಗೀತಕ್ಕೆ ಅವರು ಗೌರವ ತಂದರಲ್ಲ ಎನ್ನುತ್ತಾರೆ. ತಂದರು. 1965ರಲ್ಲಿ ಅಮೆರಿಕದ ಟೆಲಿವಿಷನ್ನಿನ 'ಶಿಂಡಿಗ್' ಕಾರ್ಯಕ್ರಮಕ್ಕೆ ಹಿರಿಯ ಗಾಯಕ ಹೌಲಿನ್ ವುಲ್ಫ್ ಅವರನ್ನು ಹಟ ಹಿಡಿದು ಕರೆಸಿ, ಅವರ ಕಾಲ ಬಳಿ ಕೂತು ಕೇಳಿದರು. ಅದು ಅವರ ದೊಡ್ಡತನ. ಎಲ್ಲರೂ ಹಾಗೆ ನಡೆದುಕೊಳ್ಳಲಿಲ್ಲ. ಲೆಡ್ ಜೆಪ್ಪೆಲಿನ್ ತಂಡದ 1969ರ 'ಹೋಲ್ ಲಾಟ ಲವ್' ಹಾಡಿನ ವಿಷಯದಲ್ಲಿ ವಿಲ್ಲಿ ಡಿಕ್ಸನ್ ಎಂಬ ಹಿರಿಯ ಬ್ಲೂಸ್ ಕವಿ 1985ರಲ್ಲಿ ಕೋರ್ಟಿಗೆ ಹೋಗಬೇಕಾಯಿತು, 1987ರಲ್ಲಿ ರಾಜಿಯಾಯಿತು. ಋಣವನ್ನು ಒಪ್ಪಿಕೊಂಡವರಿಗೆ ಒಳ್ಳೆಯ ಹೆಸರು ಸಲ್ಲಲಿ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಸಾಲ ಸ್ವಂತ ಆಸ್ತಿಯಾಗದು. ಕೆಂಟ್ ಜಿಲ್ಲೆಯ ಡಾರ್ಟ್‌ಫರ್ಡಿನಲ್ಲಿ ಬೆಳೆದ ಹುಡುಗ ಮಿಸಿಸಿಪ್ಪಿಯ ಹೊಲದಲ್ಲಿ ಬೆಳೆದವನಂತೆ ನಾಲಿಗೆ ತಿರುಗಿಸುವುದರಲ್ಲಿ ಜಾಣತನವಿದೆ. ಅವನ ಊರು ಎಲ್ಲಿದೆ?

ಉಳಿದವರನ್ನು ಬೇಗ ನೋಡಿಬಿಡೋಣ. 'ಹೂ' ಎಂಬ ತಂಡ ಕನ್ನಡದ ಕಿವಿಗೆ ಕೋಮಲವಾಗಿ ಕೇಳಿದರೂ ವೇದಿಕೆಯ ಮೇಲೆ ಗಿಟಾರುಗಳನ್ನು ನೆಲಕ್ಕೆ ಬಡಿದು ಪುಡಿ ಮಾಡಿದವರದು. 1969ರ ಮೇ ತಿಂಗಳಿನ 'ಟಾಮಿ' ದೊಡ್ಡ ಸಾಹಸ. ಆದರೆ ಅವರ 1965ರ 'ಐ ಕಾಂಟ್ ಎಕ್ಸ್‌ಪ್ಲೇನ್' ಕಿಂಕ್ಸರ ಜಾಡಿನಲ್ಲೇ ಬರೆದದ್ದೆಂದು ಅದನ್ನು ಬರೆದ ಪೀಟ್ ಟೌನ್‌ಶೆಂಡ್ ಅವರೇ ಒಪ್ಪಿದ್ದಾರೆ. ಎರಡೂ ತಂಡಗಳ ಅಂದಿನ ನಿರ್ಮಾಪಕರೂ ಶೆಲ್ ಟಾಲ್ಮಿ ಎಂಬ ಒಬ್ಬರೇ. ಕ್ರೀಮ್ ತಂಡ 1966ರಲ್ಲಿ ಹುಟ್ಟಿ 1968ರಲ್ಲಿ ಮುಗಿಯಿತು. ಪಿಂಕ್ ಫ್ಲಾಯ್ಡ್ 1967ರಲ್ಲಿ ಅದ್ಭುತವಾಗಿ ಬಾಗಿಲು ತೆರೆದರೂ ಅವರ ಮನೆ ಕಟ್ಟಿದ್ದು ಮುಂದಿನ ದಶಕದಲ್ಲಿ. ಜೋಂಬೀಸ್ ತಂಡದವರ ಪಾಡಂತೂ ಕೇಳಬೇಡಿ: ಅವರ 'ಟೈಮ್ ಆಫ್ ದ ಸೀಸನ್' 1969ರಲ್ಲಿ ಅಮೆರಿಕದಲ್ಲಿ ಮೂರನೆಯ ಸ್ಥಾನಕ್ಕೆ ಏರಿದಾಗ ತಂಡವೇ ಇರಲಿಲ್ಲ, ಚದುರಿಹೋಗಿತ್ತು.

ಇನ್ನು ಕಿಂಕ್ಸ್. ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಪ್ರದೇಶದ ಅಣ್ಣತಮ್ಮಂದಿರು ರೇ ಮತ್ತು ಡೇವ್ ಡೇವಿಸ್. ಜೊತೆಗೆ ಬೇಸ್ ಗಿಟಾರಿಗೆ ಪೀಟ್ ಕ್ವೈಫ್, ಡ್ರಮ್ಮಿಗೆ ಮಿಕ್ ಏವರಿ. 1964ರ ಆಗಸ್ಟಿನಲ್ಲಿ ಬಂದ 'ಯು ರಿಯಲಿ ಗಾಟ್ ಮಿ' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರ ಗಿಟಾರ್ ದನಿಗಾಗಿ ಡೇವ್ ಮಾಡಿದ್ದೇನು? ಅಗ್ಗದ ಪುಟ್ಟ ಆಂಪ್ಲಿಫಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ್ದು. ಸೀಳಿದ ಕಾಗದ ಗರಗರ ಎಂದಿತು. ಗಡಸು ರಾಕ್ ಸಂಗೀತಕ್ಕೆ ಅದೇ ಓಂಕಾರವಾಯಿತು. ನುಡಿಸಿದ್ದು ಎರಡೇ ಸ್ವರ, ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಪಂಚಮ. ನಡುವಿನ ಗಾಂಧಾರ ಇಲ್ಲ. ಷಡ್ಜ ಪಂಚಮಗಳ ಕಂಪನಾಂಕಗಳ ಅನುಪಾತ 2:3. ಒಡೆದ ದನಿಯಲ್ಲಿ ಎರಡು ಕಂಪನಗಳ ಮೊತ್ತವೂ ವ್ಯತ್ಯಾಸವೂ ಹುಟ್ಟುತ್ತವೆ. 3ರಲ್ಲಿ 2 ಕಳೆದರೆ 1, ಎಂದರೆ ಕೆಳಗಿನ ಸ್ಥಾಯಿಯ ಷಡ್ಜವೇ ತಾನಾಗಿ ಮೊಳಗುತ್ತದೆ. ನಮ್ಮ ತಂಬೂರಿ ಸಾವಧಾನವಾಗಿ ಮಾಡುವ ಕೆಲಸವನ್ನು ಆ 17 ವರ್ಷದ ಹುಡುಗ ಬ್ಲೇಡು ಹಿಡಿದು ಮಾಡಿದ. ಮುಂದೆ ಭಾರದ ಗಿಟಾರ್ ನುಡಿಸಿದ ತಂಡಗಳೆಲ್ಲ ಉಂಡದ್ದು ಈ ಅಡುಗೆಯನ್ನೇ. ಇಷ್ಟಾದರೂ ನಡುವಿನ ಆ ಗಿಟಾರ್ ತುಣುಕನ್ನು ನುಡಿಸಿದವರು ಜಿಮ್ಮಿ ಪೇಜ್ ಎಂಬ ಪುಕಾರು ಬಹುಕಾಲ ನಡೆಯಿತು. ತಾವಲ್ಲವೆಂದು ಪೇಜ್ ಅವರೇ ಹೇಳಿದ್ದಾರೆ. ಬಡವರ ಮಗು ಮೊದಲ ದರ್ಜೆಯಲ್ಲಿ ಪಾಸಾದರೆ ಕಾಪಿ ಹೊಡೆದಿದ್ದಾನೆ ಎನ್ನುವುದಿಲ್ಲವೆ, ಹಾಗೆ.

ಮುಂಬಯಿಯ ಎಳೆ ಎಂದೆವಲ್ಲ. 1965ರ ಜನವರಿಯಲ್ಲಿ ಆಸ್ಟ್ರೇಲಿಯಕ್ಕೆ ಹೋಗುವ ದಾರಿಯಲ್ಲಿ ಕಿಂಕ್ಸ್ ತಂಡ ಮುಂಬಯಿಯಲ್ಲಿ ತಂಗಿತ್ತು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಮೀನುಗಾರರು ಹಾಡಿಕೊಂಡು ಹೋಗುವುದು ರೇ ಡೇವಿಸರ ಕಿವಿಗೆ ಬಿತ್ತು. ಅದು ಅವರ ತಲೆಯಲ್ಲಿ ಕೂತು ಆ ವರ್ಷದ ಜುಲೈ ಕೊನೆಗೆ 'ಸೀ ಮೈ ಫ್ರೆಂಡ್ಸ್' ಎಂಬ ಹಾಡಾಗಿ ಬಂತು. ಸಿತಾರ್ ಇಲ್ಲ, ತಬಲಾ ಇಲ್ಲ. ಗಿಟಾರಿನಿಂದಲೇ ಶ್ರುತಿ ಹಿಡಿದು ಅದರ ಮೇಲೆ ತೇಲುವ ಗಾಯನ. ಬೀಟಲ್ಸರ ಸಿತಾರ್ ಹಾಡು 'ನಾರ್ವೀಜಿಯನ್ ವುಡ್' ಪೇಟೆಗೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ; ಸ್ಟೋನ್ಸರ ಸಿತಾರ್ ಹಾಡು 'ಪೇಂಟ್ ಇಟ್ ಬ್ಲ್ಯಾಕ್' 1966ರಲ್ಲಿ. ನಮ್ಮ ಸಂಗೀತದ ಗಾಳಿ ಬ್ರಿಟಿಷ್ ರಾಕಿಗೆ ಬೀಸಿದ ಕತೆಯನ್ನು ಸಿತಾರಿನಿಂದ ಆರಂಭಿಸುವವರು ಮುಂಬಯಿಯ ಈ ಬೆಳಗನ್ನು ಮರೆಯುತ್ತಾರೆ. ರವಿಶಂಕರರ ಹೆಸರು ಎಲ್ಲರಿಗೂ ಗೊತ್ತು. ಆ ಮೀನುಗಾರರಿಗೆ ಹೆಸರೂ ಇಲ್ಲ, ಹಣವೂ ಇಲ್ಲ. ಮುಂಬಯಿಯವರಾದ ನಾವಾದರೂ ನೆನೆಯಬೇಡವೆ?

ಕಿಂಕ್ಸ್ ಹಿಂದೆ ಬಿದ್ದದ್ದೇಕೆ? ಸಂಗೀತದ ಕೊರತೆಯಿಂದಲ್ಲ, ಪರವಾನಗಿಯ ಕೊರತೆಯಿಂದ. 1965ರ ಅಮೆರಿಕ ಪ್ರವಾಸದಲ್ಲಿ ಜಗಳಗಳಾದವು. ಆಮೇಲೆ ಅಲ್ಲಿನ ಸಂಗೀತಗಾರರ ಒಕ್ಕೂಟ ಅವರಿಗೆ ನುಡಿಸಲು ಅನುಮತಿ ಕೊಡುವುದನ್ನು ನಿಲ್ಲಿಸಿತು. ಬಾಗಿಲು ಮತ್ತೆ ತೆರೆದದ್ದು 1969ರಲ್ಲಿ. ಆ ನಾಲ್ಕು ವರ್ಷಗಳಲ್ಲೇ ಅಮೆರಿಕದ ಪೇಟೆ ಬ್ರಿಟಿಷ್ ತಂಡಗಳಿಗೆ ಹೊನ್ನಿನ ಮಳೆ ಕರೆಯಿತು. 1967ರ ಮಾಂಟೆರಿ ಉತ್ಸವದಲ್ಲಿ 'ಹೂ' ಇತ್ತು, 'ಅನಿಮಲ್ಸ್' ಇತ್ತು, ಕಿಂಕ್ಸ್ ಇರಲಿಲ್ಲ. ಅಮೆರಿಕದ ಪತ್ರಿಕೆಗಳು ಶ್ರೇಷ್ಠರ ಪಟ್ಟಿ ಬರೆಯಲು ಕೂತಾಗ ಕಣ್ಣಿಗೆ ಬೀಳದವರ ಹೆಸರು ಕೆಳಗೆ ಹೋಯಿತು. ಆ ಪಟ್ಟಿಗಳನ್ನೇ ನಾವು ಇಲ್ಲಿ ನಕಲು ತೆಗೆದೆವು. ಮೂಲ ಪ್ರತಿಯ ತಪ್ಪು ನಕಲಿನಲ್ಲೂ ಬರುತ್ತದೆ.

ಆದರೆ ಮುಚ್ಚಿದ ಬಾಗಿಲೇ ರೇ ಡೇವಿಸರನ್ನು ಮನೆಯ ಕಡೆ ತಿರುಗಿಸಿತು. ಅಮೆರಿಕನ್ನರಂತೆ ಹಾಡುವುದನ್ನು ಬಿಟ್ಟು ತಮ್ಮ ಬೀದಿಯ ನುಡಿಯಲ್ಲೇ, ತಮ್ಮ ಬೀದಿಯ ಜನರನ್ನೇ ಕುರಿತು ಬರೆದರು. ತೆರಿಗೆಯ ವಿಷಯವನ್ನೇ ನೋಡಿ. 1966ರಲ್ಲಿ ಹೆರಾಲ್ಡ್ ವಿಲ್ಸನ್ ಸರ್ಕಾರದ ತೆರಿಗೆಯ ಬಗ್ಗೆ ಬೀಟಲ್ಸರೂ ಹಾಡಿದರು, ಕಿಂಕ್ಸರೂ ಹಾಡಿದರು. 'ಟ್ಯಾಕ್ಸ್‌ಮನ್' ಹಾಡಿನಲ್ಲಿರುವುದು ತೆರಿಗೆಯ ಕತ್ತಿ ಬಿದ್ದವರ ನೇರ ಸಿಟ್ಟು. 'ಸನ್ನಿ ಆಫ್ಟರ್‌ನೂನ್' ಹಾಡಿನಲ್ಲಿ ಕಾಣುವುದು ಎಲ್ಲ ಕಳೆದುಕೊಂಡು ಬಿಸಿಲಲ್ಲಿ ಕೂತ ಒಬ್ಬ ಸೋಮಾರಿ ಜಮೀನುದಾರ. ಅವನನ್ನು ನೋಡಿ ನಗಬೇಕೋ ಮರುಗಬೇಕೋ ತಿಳಿಯದು. ಒಂದು ದೂರು, ಇನ್ನೊಂದು ಪಾತ್ರಸೃಷ್ಟಿ. ಅದೇ ವರ್ಷದ 'ಡೆಡ್ ಎಂಡ್ ಸ್ಟ್ರೀಟ್' ಬಾಡಿಗೆ ಕೋಣೆಯ ಬಡತನವನ್ನು ಹಾಡಿತು. 1967ರ 'ವಾಟರ್‌ಲೂ ಸನ್‌ಸೆಟ್' ಜನ ತುಂಬಿದ ರೈಲು ನಿಲ್ದಾಣದ ಬಳಿ ಸಂಧಿಸುವ ಇಬ್ಬರನ್ನು ಕಿಟಕಿಯಿಂದ ನೋಡುವ ಒಂಟಿ ಮನುಷ್ಯನ ಹಾಡು. ದಾದರ್ ಸೇತುವೆಯ ಮೇಲೆ ಸಂಜೆ ಆರರ ನೂಕುನುಗ್ಗಲಿನಲ್ಲಿ ಒಂದು ಕ್ಷಣ ನಿಂತು ನೋಡಿದವರಿಗೆ ಅದಕ್ಕೆ ವ್ಯಾಖ್ಯಾನ ಬೇಡ.

1968ರ ನವೆಂಬರ್ 22ರಂದು ಬ್ರಿಟನ್ನಿನಲ್ಲಿ ಎರಡು ಕೃತಿಗಳು ಒಂದೇ ದಿನ ಬಿಡುಗಡೆಯಾದವು. ಒಂದು ಬೀಟಲ್ಸರ ಬಿಳಿ ಹೊದಿಕೆಯ ಜೋಡಿ ತಟ್ಟೆ. ಇನ್ನೊಂದು ಕಿಂಕ್ಸರ 'ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ'. ಆನೆಯ ಮೆರವಣಿಗೆಯ ದಿನವೇ ಇರುವೆ ಮದುವೆಯಿಟ್ಟುಕೊಂಡಂತಾಯಿತು. ಕಿಂಕ್ಸರ ತಟ್ಟೆ ಮಾರಾಟದ ಪಟ್ಟಿಯನ್ನೇ ಸೇರಲಿಲ್ಲ. ಇಂದು ಅದನ್ನು ಆ ದಶಕದ ಉತ್ತಮ ಕೃತಿಗಳಲ್ಲಿ ಒಂದೆಂದು ಒಪ್ಪದ ವಿಮರ್ಶಕರು ಕಡಿಮೆ. ಹಳೆಯ ಕಾಲದ ಹಳಹಳಿ ಎಂದು ಅದನ್ನು ತಳ್ಳಿಹಾಕುವವರು ಅದನ್ನು ಪೂರ್ತಿ ಕೇಳಿಲ್ಲ. ಹಳೆಯದನ್ನು ಕಾಪಾಡಬೇಕೆಂಬ ಆಸೆಯೂ, ಹಾಗೆ ಆಸೆಪಡುವವರ ಬಗ್ಗೆ ನಸುನಗೆಯೂ ಅಲ್ಲಿ ಒಟ್ಟಿಗೇ ಇವೆ. ಸಂಘ ಕಟ್ಟಿ, ಹಬ್ಬ ಮಾಡಿ, ಊರಿನ ಹಪ್ಪಳ ಉಪ್ಪಿನಕಾಯಿ ಹಂಚಿ ಊರನ್ನು ಉಳಿಸಿಕೊಳ್ಳಲು ನೋಡುವ ನಮಗೆ ಆ ಆಸೆ, ಆ ನಗೆ ಎರಡೂ ಅರ್ಥವಾಗಬೇಕು.

ಮರುವರ್ಷದ 'ಆರ್ಥರ್' ನಮಗೆ ಇನ್ನೂ ಹತ್ತಿರದ್ದು. ರೇ ಡೇವಿಸರ ಅಕ್ಕ ರೋಸಿ ಮತ್ತು ಭಾವ ಆರ್ಥರ್ 1964ರಲ್ಲಿ ಇಂಗ್ಲೆಂಡ್ ಬಿಟ್ಟು ಆಸ್ಟ್ರೇಲಿಯಕ್ಕೆ ವಲಸೆ ಹೋದರು. ಅಕ್ಕ ಮನೆಗೆ ಮರಳಲಿ ಎಂದು ಕರೆಯುವ ಹಾಡು 1966ರಲ್ಲೇ ಬಂದಿತ್ತು. ಭಾವನ ಬದುಕು ಒಂದಿಡೀ ಕಥನವಾಯಿತು: ಯುದ್ಧಗಳು, ರೇಷನ್ನು, ಮಕ್ಕಳ ವಲಸೆ. ಅದರೊಳಗಿನ 'ಶಾಂಗ್ರಿ-ಲಾ' ಹಾಡಿನಲ್ಲಿ ಕಂತಿನ ಸಾಲದಲ್ಲಿ ಮನೆ ಕೊಂಡ ಒಬ್ಬ ನೌಕರ ಕೂತಿದ್ದಾನೆ. ಅವನ ಸುಖವೂ ಅಷ್ಟೇ, ಸೆರೆಯೂ ಅಷ್ಟೇ. ಗ್ರನಾಡಾ ಟೆಲಿವಿಷನ್ನಿನ ನಾಟಕಕ್ಕೆಂದು ಬರೆದದ್ದು ಇದು. ನಾಟಕ ತಯಾರಾಗಲೇ ಇಲ್ಲ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಒಂದು ಬೆಡ್‌ರೂಮಿನ ಮನೆಗೆ ಇಪ್ಪತ್ತು ವರ್ಷ ಕಂತು ಕಟ್ಟುವ ನಮ್ಮಂಥವರ ಹಾಡನ್ನು ಅರುವತ್ತರ ದಶಕದಲ್ಲಿ ಬೇರಾವ ದೊಡ್ಡ ತಂಡ ಬರೆಯಿತು? ಸ್ಟೋನ್ಸರ ಹಾಡುಗಳಲ್ಲಿ ಇಂಥ ಗುಮಾಸ್ತ ಬಂದರೆ ಅವನಿಗೆ ಸಿಗುವುದು ಗೇಲಿ. ಕಿಂಕ್ಸರಲ್ಲಿ ಅವನಿಗೆ ಕುರ್ಚಿ ಹಾಕಿದ್ದಾರೆ.

ಕಿಂಕ್ಸರಿಗೆ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ವೇದಿಕೆಯ ಮೇಲೆ ಸ್ಟೋನ್ಸರೂ 'ಹೂ' ತಂಡದವರೂ ಅವರಿಗಿಂತ ಎಷ್ಟೋ ಮೇಲು. 1965ರಲ್ಲಿ ಕಾರ್ಡಿಫ್ ನಗರದ ಪ್ರದರ್ಶನದಲ್ಲಿ ಡ್ರಮ್ಮಿನವರು ಗಿಟಾರಿನವರ ತಲೆಗೇ ಹೊಡೆದ ತಂಡ ಅದು. ಧ್ವನಿಮುದ್ರಣವೂ ಕೆಲವೆಡೆ ತೆಳುವಾಗಿದೆ. ಆದರೆ 1966ರಿಂದ 1969ರವರೆಗೆ 'ಫೇಸ್ ಟು ಫೇಸ್', 'ಸಂಥಿಂಗ್ ಎಲ್ಸ್', 'ವಿಲೇಜ್ ಗ್ರೀನ್', 'ಆರ್ಥರ್' ಎಂದು ವರ್ಷಕ್ಕೊಂದರಂತೆ ನಾಲ್ಕು ಗಟ್ಟಿ ಕೃತಿಗಳನ್ನು ಕೊಟ್ಟವರು ಅವರು. ಅದೇ ಅವಧಿಯಲ್ಲಿ ಸ್ಟೋನ್ಸರ ಲೆಕ್ಕ ತೆಗೆಯಿರಿ. ತಕ್ಕಡಿ ಯಾವ ಕಡೆ ವಾಲುತ್ತದೆಂದು ನೀವೇ ನೋಡಿ.

ಇಷ್ಟೆಲ್ಲ ಹೇಳುವುದು ಯಾರೋ ಪರದೇಶದವರಿಗೆ ಬಿರುದು ಕೊಡಿಸುವ ಚಪಲದಿಂದಲ್ಲ. ದೊಡ್ಡ ಪೇಟೆಯ ನುಡಿಯಲ್ಲಿ ಹಾಡಿದವರು ದೊಡ್ಡವರು, ತನ್ನ ಓಣಿಯ ನುಡಿಯಲ್ಲಿ ಹಾಡಿದವರು ಸಣ್ಣವರು ಎಂಬ ತೀರ್ಪನ್ನು ನಾವು ಯೋಚಿಸದೆ ಒಪ್ಪುತ್ತಿದ್ದೇವೆ. ಲಂಡನ್ನಿನ ವಿಷಯದಲ್ಲಿ ಒಪ್ಪಿದವರು ನಾಳೆ ಧಾರವಾಡದ ವಿಷಯದಲ್ಲೂ ಒಪ್ಪುತ್ತಾರೆ, ಕುಂದಾಪುರದ ವಿಷಯದಲ್ಲೂ ಒಪ್ಪುತ್ತಾರೆ. ನಮ್ಮ ಮಕ್ಕಳು ಮನೆಯ ಮಾತನ್ನು ಬಿಟ್ಟು ಬಜಾರಿನ ಮಾತನ್ನು ಹಿಡಿದಾಗ ಸಭೆಯಲ್ಲಿ ಕಣ್ಣೀರಿಡುವ ನಾವು, ಮನೆಯ ಮಾತಿನಲ್ಲಿ ಹಾಡಿ ಸೋತವರನ್ನು ಸೋತವರೆಂದೇ ಬರೆದಿಡುವುದು ಯಾವ ನ್ಯಾಯ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಗ್ಲಿಷಿನಲ್ಲಿ ಇದೆಯೋ ಇಲ್ಲವೋ, ಆ ರೋಗ ಅಲ್ಲಿಯೂ ಇದೆ.

ಸ್ಟೋನ್ಸ್ ಪಕ್ಷದವರು ನಮಗೆ ಉತ್ತರ ಬರೆಯಲಿ, ಸಂಪಾದಕರು ಜಾಗ ಕೊಡುತ್ತಾರೆಂದು ನಂಬಿದ್ದೇವೆ. ಒಂದೇ ಷರತ್ತು. ಬರೆಯುವ ಮುಂಚೆ 'ವಿಲೇಜ್ ಗ್ರೀನ್' ಮತ್ತು 'ಆರ್ಥರ್' ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿರಬೇಕು. ಹಿಂದಾದರೆ ತಟ್ಟೆ ಸಿಗುವುದಿಲ್ಲ, ದುಬಾರಿ ಎಂಬ ನೆಪವಿತ್ತು. ಈಗ ಎಲ್ಲವೂ ಅಂಗೈಯಲ್ಲಿರುವ ಫೋನಿನಲ್ಲೇ ಇದೆ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್ಲಿನಲ್ಲಿ ಒಂದು ಸಲ ಕೂತರೆ ಒಂದು ತಟ್ಟೆ ಮುಗಿಯುತ್ತದೆ. ಕೇಳಿದ ಮೇಲೂ ಸ್ಟೋನ್ಸೇ ಎರಡನೆಯವರು ಎನ್ನುವವರ ಮಾತನ್ನು ನಾವು ಗೌರವದಿಂದ ಕೇಳುತ್ತೇವೆ. ಕೇಳದೆ ಬರೆದವರಿಗೆ ಉತ್ತರ ಬರೆಯುವುದಿಲ್ಲ.